ಕಿಟಕಿಯ ಬಿಸಿಲಿನಲ್ಲಿ ಹದಿನೆಂಟು ದಿನ

ಜರ್ಮನಿಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಒಂದು ಮರದ ಹಲಗೆ ನೇತಾಡುತ್ತಿತ್ತು. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಏನೋ ಬರೆದಿತ್ತು. ಮೆಟ್ಟಿಲ ಮೇಲೆ ನರಪಿಳ್ಳೆಯೂ ಇರಲಿಲ್ಲ. ನಮ್ಮ ಯಮಕನಮರಡಿಯಲ್ಲಿ ಹೇಳದೆ ಕೇಳದೆ ಯಾರಾದರೂ ಬಾಗಿಲಿಗೆ ಏನಾದರೂ ಕಟ್ಟಿ ಹೋದರೆ ಅದು ಒಂದೋ ಮಾಟ, ಇಲ್ಲವೇ ಮನೆ ಖಾಲಿ ಮಾಡಿಸುವ ನೋಟೀಸು. ಮಾಟ ಮಾಡಿಸುವಷ್ಟು ನನ್ನ ಗುರುತು ಈ ದೇಶದಲ್ಲಿ ಇನ್ನೂ ಯಾರಿಗೂ ಆಗಿರಲಿಲ್ಲ. ಹಾಗಾಗಿ ನೋಟೀಸೇ ಎಂದು ತೀರ್ಮಾನಿಸಿ, ಹಲಗೆಯನ್ನು ಒಳಗೆ ತಂದು ಮಂಚದ ಕೆಳಗೆ ಬಚ್ಚಿಟ್ಟೆ. ಒಂದು ವಾರ ಸದ್ದಾಗದಂತೆ ಕಳ್ಳಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿ ಇಳಿದೆ.

ವಾರ ಕಳೆದ ಮೇಲೆ ಕೆಳಮಹಡಿಯ ಮನೆಯೊಡತಿ ಫ್ರಾವ್ ಹೇಬರ್ಲೆ ಪೊರಕೆ ಹಿಡಿದು ಬಂದು ಬಾಗಿಲು ಬಡಿದಳು. ಫ್ರಾವ್ ಎಂದರೆ ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಬಾಯಾರು ಎಂದಂತೆ. ಆಕೆಯ ಕೈಸನ್ನೆಯಿಂದ ವಿಷಯ ತಿಳಿಯಿತು. ಹಲಗೆಯ ಮೇಲಿದ್ದ ಪದ 'ಕೇರ್‌ವೋಖೆ', ಅಂದರೆ ಗುಡಿಸುವ ವಾರ. ಈ ಸೀಮೆಯಲ್ಲಿ ಮೆಟ್ಟಿಲು, ಅಂಗಳ, ಕಸದ ಡಬ್ಬಿಯ ಸುತ್ತಲಿನ ಜಾಗ ಎಲ್ಲವನ್ನೂ ಬಾಡಿಗೆದಾರರು ವಾರಕ್ಕೊಬ್ಬರಂತೆ ಪಾಳಿಯ ಮೇಲೆ ಗುಡಿಸಬೇಕು. ಹಲಗೆ ಯಾರ ಬಾಗಿಲಲ್ಲಿದೆಯೋ ಅವರ ಪಾಳಿ. ಗುಡಿಸಿ ಮುಗಿಸಿದವರು ಅದನ್ನು ಮುಂದಿನ ಬಾಗಿಲಿಗೆ ತೂಗುಹಾಕುತ್ತಾರೆ. ನಮ್ಮಲ್ಲಿ ಗುಡಿಸುವುದಕ್ಕೆ ಹಲಗೆ ಬೇಕಿಲ್ಲ, ಹೆಣ್ಣಾಗಿ ಹುಟ್ಟಿದ ದಿನವೇ ಅದನ್ನು ಕೊರಳಿಗೆ ಕಟ್ಟಿರುತ್ತಾರೆ. ಇಲ್ಲಿ ಎರಡನೆಯ ಮಹಡಿಯ ನಿವೃತ್ತ ನ್ಯಾಯಾಧೀಶರೂ ಶನಿವಾರ ಬಗ್ಗಿ ಮೆಟ್ಟಿಲು ಒರೆಸುವುದನ್ನು ನೋಡಿ ನನಗೆ ಈ ದೇಶದ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

ಆ ಪ್ರೀತಿಯನ್ನು ಬೆಳೆಸಿಕೊಳ್ಳಲು ಆರು ವರ್ಷ ಒದ್ದಾಡಿದ್ದೇನೆ. ಭಾಷೆಯ ತರಗತಿಗೆ ಹೋದೆ. ಅಲ್ಲಿ ಕಲಿತ ಜರ್ಮನ್ ಹೇಬರ್ಲೆಗೆ ತಿಳಿಯದು, ಆಕೆ ಆಡುವ ಈ ಸೀಮೆಯ ಮಾತು ನನಗೆ ತಿಳಿಯದು. ಬೆಂಗಳೂರಿನವರ ಮುಂದೆ ನಮ್ಮ ಕಡೆಯವರು ಬಾಯಿಬಿಟ್ಟರೆ ಆಗುವ ಗತಿಯೇ ಇದು. ಆಫ್ರಿಕಾದವರ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆಂದು ಎರಡು ವರ್ಷದ ಮೇಲೆ ಗೊತ್ತಾದಾಗ ಆ ಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡು ಬಸ್ಸು ಹತ್ತಿದ್ದೆ. ಆದರೆ ಮೊದಲ ಭಾನುವಾರವೇ ರೊಟ್ಟಿ ಬಡಿಯಲು ಕುಳಿತರೆ ಹೇಬರ್ಲೆ ಮೇಲೆ ಬಂದು 'ರೂಹೆ' ಎಂದು ಗದರಿದಳು. ರೂಹೆ ಎಂದರೆ ಸದ್ದಿಲ್ಲದಿರುವುದು, ಭಾನುವಾರ ಅದು ಕಾನೂನು. ಅಂದಿನಿಂದ ನಾನು ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸುತ್ತೇನೆ. ಲಟ್ಟಿಸಿದ ಜೋಳದ ರೊಟ್ಟಿ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ.

ಇನ್ನು ಮಾತು. ನಮ್ಮ ಮನೆಯೊಳಗೆ ಉರ್ದು. ಅಮ್ಮನ ಫೋನು, ಅಣ್ಣಂದಿರ ಜಗಳ ಎಲ್ಲ ಅದರಲ್ಲೇ. ಕನ್ನಡ ನನಗೆ ಹೊಸ್ತಿಲು ದಾಟಿದ ಮೇಲಿನ ಭಾಷೆ. ಸಾಲೆಯದು, ಗೆಳತಿಯರದು, ಅಪ್ಪನ ಅಂಗಡಿಗೆ ಬರುವ ಗಿರಾಕಿಗಳದು, ಬೈಗುಳದ್ದು, ನಗೆಯದು. ಫೋನಿನಲ್ಲಿ ಮನೆ ಸಿಗುತ್ತದೆ, ಹೊಸ್ತಿಲಾಚೆಯ ಊರು ಸಿಗುವುದಿಲ್ಲ. ನೆಕಾರ್ ಹೊಳೆಯ ದಂಡೆಯ ಈ ಊರಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಇದ್ದೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಖರೆ ಹೇಳಬೇಕೆಂದರೆ, ಆ ಗೌಡಿಕೆ ನನಗೆ ಹಿತವಾಗಿಯೇ ಇತ್ತು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಹೆದ್ದಾರಿಯ ಬದಿಯಲ್ಲಿ ನಮ್ಮಪ್ಪನದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಗಿರಾಕಿಗಳಿಗೆ ಅವರು ಹೇಳುವುದು ಹೀಗೆ: "ಹಸೀನಾ ಸಣ್ಣ ಜೀವದೊಳಗ ವೈರಿಂಗ್ ಮಾಡ್ತಾಳ್ರಿ. ನಾ ತಾಮ್ರದಾಗ ಮಾಡ್ತೀನಿ, ಅಕಿ ಬ್ಯಾಕ್ಟೀರಿಯಾದಾಗ." ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾದೊಳಗೆ ನಾವು ಬರೆದ ಜೀನ್‌ಗಳನ್ನು ಸೇರಿಸುತ್ತೇವೆ. ಒಂದು ಜೀನ್ ಇನ್ನೊಂದನ್ನು ಎಬ್ಬಿಸಬೇಕು, ಮತ್ತೊಂದನ್ನು ಮಲಗಿಸಬೇಕು. ಸ್ವಿಚ್ಚು, ಫ್ಯೂಸು, ಬಲ್ಬು ಎಲ್ಲ ಅದರಲ್ಲೇ. ಇದಕ್ಕೆ ಜೀನ್ ಸರ್ಕ್ಯೂಟ್ ಎನ್ನುತ್ತಾರೆ. ನನ್ನ ಸರ್ಕ್ಯೂಟಿನ ಕೆಲಸ, ಹೊಲಕ್ಕೆ ಹೊಡೆದ ಕಳೆನಾಶಕ ನೀರಿನಲ್ಲಿ ಉಳಿದಿದ್ದರೆ ಅದನ್ನು ಮೂರು ಹಂತದಲ್ಲಿ ಒಡೆದು ಹಾಕಿ, ನಾಲ್ಕನೆಯ ಹಂತದಲ್ಲಿ ಕೆಲಸ ಮುಗಿಯಿತೆಂದು ಹಸಿರಾಗಿ ಹೊಳೆಯುವುದು.

ಹಸಿರು ಬರುತ್ತಿತ್ತು, ಉಳಿಯುತ್ತಿರಲಿಲ್ಲ. ಸ್ವಿಚ್ಚು ಒತ್ತಿದೊಡನೆ ನಾಲ್ಕೂ ಜೀನ್ ಒಟ್ಟಿಗೆ ಎದ್ದು ಕುಳಿತು, ಆ ಬಡ ಬ್ಯಾಕ್ಟೀರಿಯಾದ ಜೀವ ಹಿಂಡಿ ಹಾಕುತ್ತಿದ್ದವು. ದುಡಿಯುವವು ಸೊರಗುತ್ತಿದ್ದವು. ಲಕ್ಷಕ್ಕೊಂದು ಹೇಗೋ ನಮ್ಮ ಸರ್ಕ್ಯೂಟನ್ನು ಕಿತ್ತೆಸೆದು ಹಗುರಾಗುತ್ತಿತ್ತು. ಆ ಮೈಗಳ್ಳನ ಸಂತಾನವೇ ಬೆಳೆದು ಮರುದಿನಕ್ಕೆ ಅವನ್ನು ಬೆಳೆಸುವ ಗಾಜಿನ ಬುರುಡೆಯ ತುಂಬ ಸೋಮಾರಿಗಳೇ ಇರುತ್ತಿದ್ದರು. ಒಂದೂವರೆ ವರ್ಷ ಈ ಸೋಮಾರಿಗಳ ಜೊತೆ ಏಗಿದೆ.

ಅಷ್ಟರಲ್ಲಿ ನಮ್ಮ ಪ್ರೊಫೆಸರ್ ಬ್ರಿಗಿಟೆ, ನಮ್ಮ ಪ್ರಯೋಗಾಲಯಕ್ಕೆ ಒಂದು ವರ್ಷದ ಮಟ್ಟಿಗೆ ಬರಲಿಚ್ಛಿಸಿದವರ ಅರ್ಜಿಗಳನ್ನು ನನ್ನ ಮುಂದಿಟ್ಟು ಆರಿಸಲು ಹೇಳಿದಳು. ನಡುವೆ ಒಂದು ಹಾಳೆಯಲ್ಲಿ 'ಮಸಗುಪ್ಪಿ, ತಾಲೂಕು ಮೂಡಲಗಿ' ಎಂದು ಕಂಡಿತು. ಹುಡುಗಿಯ ಹೆಸರು ಕಸ್ತೂರಿ, ಡಿಗ್ರಿ ಗೋಕಾಕದ ಕಾಲೇಜಿನದು. ಆ ಮೂರು ಶಬ್ದಗಳ ಮುಂದೆ ನನಗೆ ಬೇರೆ ಯಾವ ಅರ್ಜಿಯೂ ಕಾಣಲಿಲ್ಲ. "ಇವಳೇ ಸರಿ" ಎಂದೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದರು ಎಂಬ ಮಾತಿದೆಯಲ್ಲ, ಆಮೇಲೆ ಎಷ್ಟು ಸಲ ಅದನ್ನು ನನಗೆ ನಾನೇ ಹೇಳಿಕೊಂಡೆನೋ.

ಸ್ಟೇಷನ್ನಿನಲ್ಲಿ ರೈಲು ಇಳಿದವಳೇ ಎರಡು ಚೀಲ ಕೆಳಗಿಟ್ಟು, "ಅಕ್ಕಾ, ಇಲ್ಲಿ ಮಂದಿ ಯಾಕ ಇಷ್ಟ ಸುಮ್ಮ ಇರ್ತಾರ? ರೈಲಿನಾಗ ಯಾರರ ಸತ್ತಾರೇನ ಅಂತ ತಿಳಿದಿದ್ದೆ," ಎಂದಳು. ಪ್ಲಾಟ್‌ಫಾರಂ ಮೇಲೆ ನಿಂತು ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಮ್ಮ ಕಟ್ಟಡದಲ್ಲೇ ಕೋಣೆ ಕೊಡಿಸಿದೆ. ಮೊದಲ ತಿಂಗಳು ದಿನವೂ ಒಟ್ಟಿಗೆ ಊಟ. ಹುಕ್ಕೇರಿಯ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ಗೋಕಾಕದ ಕರದಂಟು ಯಾವ ಅಂಗಡಿಯದು ಚಲೋ ಎಂದು ಇಬ್ಬರೂ ಗಂಟೆಗಟ್ಟಲೆ ವಾದಿಸಿದೆವು. ಆರು ವರ್ಷ ಒಳಗೆ ಕಟ್ಟಿಟ್ಟಿದ್ದ ಮಾತೆಲ್ಲ ಹೊರಬಂತು. ಅಷ್ಟು ಸುಖದ ತಿಂಗಳು ನನಗೆ ಈ ದೇಶದಲ್ಲಿ ಮತ್ತೊಂದಿಲ್ಲ.

ಎರಡನೆಯ ತಿಂಗಳಲ್ಲಿ, ಒಂದು ಭಾನುವಾರ, ಮೇಲಿನ ಮಹಡಿಯ ಕಸ್ತೂರಿಯ ಕೋಣೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಹೇಬರ್ಲೆ ದಡದಡ ಮೆಟ್ಟಿಲು ಹತ್ತಿದ್ದೂ ಕೇಳಿಸಿತು. ಹುಡುಗಿಗೆ ಬೈಗುಳ ಬೀಳುತ್ತದೆಂದು ನಾನು ಓಡಿದರೆ, ಹೇಬರ್ಲೆ ಸ್ಟೂಲಿನ ಮೇಲೆ ಕುಳಿತು ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದಳು! ಕಸ್ತೂರಿಗೆ ಆಗ ಜರ್ಮನಿನ ಹತ್ತು ಶಬ್ದ ಬರುತ್ತಿರಲಿಲ್ಲ. ಹೇಬರ್ಲೆ ಹಿಟ್ಟಿನ ಉಂಡೆಯನ್ನು ಬಡಿಯಲು ತಾನೂ ಕೈ ಹಾಕಿದಳು. ನನ್ನನ್ನು ಕಂಡು, "ಹಸೀನಾ, ನೀನು ಇದನ್ನು ಯಾಕೆ ಯಾವತ್ತೂ ಮಾಡಲಿಲ್ಲ?" ಎಂದು ಕೇಳಿದಳು. ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಅಲ್ಲಿ.

ರೊಟ್ಟಿಯ ಕಿಚ್ಚು ಆರುತ್ತಿತ್ತೋ ಏನೋ. ಆದರೆ ಅದೇ ವಾರ ಹಲಗೆ ಕಸ್ತೂರಿಯ ಬಾಗಿಲಿಗೆ ಬಂತು. ನಾನು ಹೆದರಿ ಬಚ್ಚಿಟ್ಟಿದ್ದ ಆ ಹಲಗೆಯನ್ನು ಅವಳು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿ, "ಇದು ನಮ್ಮ ಪಂಪಿನ ಪಾಳಿ ಇದ್ದಂಗ ಐತಿ ನೋಡಕ್ಕಾ," ಎಂದಳು. ನಾನು ಹೂಂಗುಟ್ಟಿ ಒಳಗೆ ಹೋದೆ. ಮರುದಿನದ ಸಭೆಯಲ್ಲಿ ಬ್ರಿಗಿಟೆ ನನ್ನ ಸೋಮಾರಿ ಬ್ಯಾಕ್ಟೀರಿಯಾಗಳ ಸಂಗತಿ ಎತ್ತಿದಾಗ ಕಸ್ತೂರಿ ಎದ್ದು ನಿಂತು ಬೋರ್ಡಿನ ಮೇಲೆ ಬರೆಯತೊಡಗಿದಳು.

ಅವರ ಊರಿನಲ್ಲಿ ಒಂದು ಟಿಸಿಯ ಕೆಳಗೆ ಹನ್ನೆರಡು ಪಂಪುಗಳು. ಟಿಸಿ ಎಂದರೆ ಹೊಲಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್, ನಮ್ಮ ಕಡೆ ಕೂಸಿಗೂ ಗೊತ್ತು. ಕರೆಂಟು ಬಂದೊಡನೆ ಪಂಪು ತಾನೇ ಶುರುವಾಗಲೆಂದು ಎಲ್ಲರೂ ಆಟೋ ಸ್ಟಾರ್ಟರ್ ಕೂರಿಸಿದರು. ಹನ್ನೆರಡೂ ಒಂದೇ ಗಳಿಗೆಗೆ ಎದ್ದು ಎಳೆದವು, ಟಿಸಿ ಸುಟ್ಟು ಹೋಯಿತು. ಹೊಸ ಟಿಸಿ ಬಂತು, ಅದೂ ಸುಟ್ಟಿತು. ಕಡೆಗೆ ಅವಳ ಕಾಕಾ ಎಲ್ಲರನ್ನೂ ಕೂರಿಸಿ ಪಾಳಿ ಹಚ್ಚಿದರು. ಒಂದು ಪಂಪು ಎದ್ದು ನೀರು ಮುಟ್ಟಿಸಿ ನಿಂತ ಮೇಲೆ ಇನ್ನೊಂದು. "ನಾಲ್ಕು ಜೀನ್‌ಗೂ ಹಾಗೆಯೇ ಮಾಡೋಣ. ಎರಡನೆಯದು ಎದ್ದೊಡನೆ ಮೊದಲನೆಯದನ್ನು ಅದೇ ಮಲಗಿಸಲಿ, ಮೂರನೆಯದು ಎರಡನೆಯದನ್ನು. ಹಲಗೆ ಬಾಗಿಲಿಂದ ಬಾಗಿಲಿಗೆ ಹೋಗಲಿ," ಎಂದು ಅವಳು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಬ್ರಿಗಿಟೆ ಮೇಜು ತಟ್ಟಿದಳು. ಈ ದೇಶದಲ್ಲಿ ಚಪ್ಪಾಳೆಯ ಬದಲು ಮೇಜು ತಟ್ಟುತ್ತಾರೆ. ಎಲ್ಲರೂ ತಟ್ಟಿದರು, ನಾನೂ ತಟ್ಟಿದೆ.

ಆ ತಟ್ಟುವಿಕೆಯಲ್ಲಿ ನನ್ನ ಬೆರಳುಗಳು ನೊಂದವು. ಬೇರೆ ಯಾರಾದರೂ ಹೇಳಿದ್ದರೆ ಸಹಿಸುತ್ತಿದ್ದೆನೇನೋ. ಆದರೆ ಆ ಹಲಗೆ ಆರು ವರ್ಷದಿಂದ ನನ್ನ ಬಾಗಿಲಿಗೆ ಬಂದು ಹೋಗುತ್ತಿದೆ. ಆಟೋ ಸ್ಟಾರ್ಟರಿನಿಂದ ಸುಟ್ಟ ಮೋಟರುಗಳ ನಡುವೆಯೇ ನಾನು ಹೋಮ್‌ವರ್ಕ್ ಮಾಡಿ ಬೆಳೆದವಳು. "ಎಲ್ಲಾರಿಗೂ ನಾ ಮೊದಲ ಅನ್ನೂ ರೋಗ. ತಾವೂ ಸುಟ್ಟಕೋತಾರ, ಟಿಸಿನೂ ಸುಡತಾರ," ಎಂದು ಅಪ್ಪ ಬೈಯುವುದನ್ನು ಕೇಳುತ್ತಲೇ ದೊಡ್ಡವಳಾದವಳು. ಅದು ನನ್ನ ತಲೆಗೆ ಹೊಳೆಯಬೇಕಿತ್ತು. ಅಂಗಡಿಯ ಗ್ರೀಸಿನ ವಾಸನೆಯನ್ನು ತಿಕ್ಕಿ ತೊಳೆದು ವಿಜ್ಞಾನಿಯಾಗಲು ಹೊರಟ ನನಗೆ ಅದು ಹೊಳೆಯಲಿಲ್ಲ. ಹೊಲದಿಂದ ನೇರ ಎದ್ದು ಬಂದ ಅವಳಿಗೆ ಹೊಳೆಯಿತು. ನನ್ನ ಮನೆಯ ಬಾವಿಯ ನೀರನ್ನು ಪಕ್ಕದವರು ಸೇದಿ ನನಗೇ ಕುಡಿಯಲು ಕೊಟ್ಟ ಹಾಗಿತ್ತು.

ಮರುವಾರ ಬ್ರಿಗಿಟೆ ನಮ್ಮಿಬ್ಬರನ್ನೂ ಕರೆದು ನೇರವಾಗಿ ಹೇಳಿದಳು. ಇಲ್ಲಿಯವರಿಗೆ ಸುತ್ತಿಬಳಸುವುದು ಗೊತ್ತಿಲ್ಲ. ಅಕ್ಟೋಬರಿನಿಂದ ಮೂರು ವರ್ಷಕ್ಕೆ ಇರುವುದು ಒಂದೇ ಹುದ್ದೆ. ಆಗಸ್ಟಿನ ಕೊನೆಗೆ ಯಾರ ಸರ್ಕ್ಯೂಟು ಕೆಡದೆ ಉಳಿಯುತ್ತದೋ ಆ ಹುದ್ದೆ ಅವರಿಗೆ. ನನ್ನ ಒಪ್ಪಂದ ಮುಗಿಯುವುದೂ ಅಕ್ಟೋಬರಿಗೇ. ಅದು ಹೋದರೆ ವೀಸಾ, ಕೋಣೆ, ಕಷ್ಟಪಟ್ಟು ಕಲಿತ ಭಾಷೆ ಎಲ್ಲ ಕೈಬಿಟ್ಟಂತೆ. ಕಸ್ತೂರಿ ತಲೆ ತಗ್ಗಿಸಿ, "ಇದೇನಕ್ಕಾ, ನಮ್ಮಿಬ್ಬರಿಗೆ ಕುಸ್ತಿ ಹಚ್ಚಿದ್ರು," ಎಂದಳು. ನಾನು ನಕ್ಕೆ.

ಕಸ್ತೂರಿ ತನ್ನ ಪಾಳಿಯ ಸರ್ಕ್ಯೂಟನ್ನು ಎರಡೇ ತಿಂಗಳಲ್ಲಿ ಕಟ್ಟಿದಳು. ಅವಳು ಆರಿಸಿಕೊಂಡದ್ದು ದಕ್ಷಿಣದ ಕಿಟಕಿಯ ಮೇಜು. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಚಳಿಗಾಲವಿಡೀ ನಡುಗಿದ ಅವಳಿಗೆ ಬಿಸಿಲು ಸಿಕ್ಕರೆ ಸಾಕಿತ್ತು. ಸರ್ಕ್ಯೂಟಿನ ಮೊದಲ ಸ್ವಿಚ್ಚು ಒತ್ತಲು ನಾವು ಬಳಸುವುದು ಒಂದು ಹಳದಿ ಔಷಧಿ, ನಾಲ್ಕು ಹನಿ. ಅದನ್ನು ಕಲಸಿ ಬಾಟಲಿಗೆ ಬೆಳ್ಳಿ ಹಾಳೆ ಸುತ್ತಿ ಕೊಟ್ಟವಳು ನಾನೇ. ಆ ಔಷಧಿ ಬೆಳಕಿಗೆ ಕೆಡುತ್ತದೆ, ಹಾಳೆ ಸುತ್ತುವುದು ಅದಕ್ಕೇ. ಗಿಡಗಳ ಜೀನ್ ಓದಿ ಬಂದಿದ್ದ ಕಸ್ತೂರಿ ಅದನ್ನು ಹಿಂದೆ ಬಳಸಿರಲಿಲ್ಲ. ಒಂದು ದಿನ ಬೇರೆ ಬುರುಡೆಯ ಬಾಯಿ ಮುಚ್ಚಲು ಹಾಳೆ ಬೇಕಾಯಿತು. ಹೊಸ ಹಾಳೆ ಹರಿಯಲು ನಮ್ಮ ಕಡೆಯವರಿಗೆ ಕೈ ಬರುವುದಿಲ್ಲ. ಊರ ಕಾಲೇಜಿನಲ್ಲಿ ಹಾಳೆಯನ್ನು ತೊಳೆದು, ಬೆರಳಿನಿಂದ ತೀಡಿ, ಮಡಿಚಿಟ್ಟು ನಾನೂ ಬಳಸಿದ್ದೇನೆ. ಅವಳು ಔಷಧಿಯ ಬಾಟಲಿಯ ಮೈಮೇಲಿನ ಹಾಳೆಯನ್ನೇ ಬಿಚ್ಚಿ, ತೀಡಿ, ಬುರುಡೆಗೆ ಮುಚ್ಚಿದಳು. ಬಾಟಲಿ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಉಳಿಯಿತು.

ನಾನು ಅದನ್ನು ನೋಡಿದೆ. ಹೇಳಬೇಕೆಂದು ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಬ್ರಿಗಿಟೆ ಬಂದು ಕಸ್ತೂರಿಯ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ನಕ್ಕಳು. ಆರು ವರ್ಷದಲ್ಲಿ ಆಕೆ ನನ್ನ ಹೆಗಲು ಮುಟ್ಟಿದವಳಲ್ಲ. ನಾನು ಬಾಯಿ ಮುಚ್ಚಿಕೊಂಡೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಇಲ್ಲಿ ಬೇಸಿಗೆಯ ಹಗಲು ರಾತ್ರಿ ಒಂಬತ್ತರವರೆಗೆ ಇರುತ್ತದೆ. ಆ ಬಾಟಲಿಯ ಹಳದಿ ದಿನದಿನಕ್ಕೆ ಬಣ್ಣಗೆಡುತ್ತಿತ್ತು. ಅವಳು ದಿನವೂ ನಾಲ್ಕು ಹನಿ ಹಾಕುವಳು, ಕಾಯುವಳು, ಹಸಿರು ಬಾರದು. ಸರ್ಕ್ಯೂಟನ್ನು ಬಿಚ್ಚಿ ಮತ್ತೆ ಕಟ್ಟುವಳು. ನನ್ನ ಔಷಧಿ ಮಾತ್ರ ನನ್ನ ಡ್ರಾಯರಿನ ಕತ್ತಲಲ್ಲಿ ಸುಖವಾಗಿತ್ತು. ಅವಳು ಹಸಿರಿಗಾಗಿ ಕಾಯುವ ಹೊತ್ತಿನಲ್ಲಿ ನನಗೆ ಹೆದರಿಕೆಯಾಗುತ್ತಿತ್ತು, ಬಾರದಿದ್ದಾಗ ಹೊಟ್ಟೆ ತಣ್ಣಗಾಗುತ್ತಿತ್ತು. ಮನೆಗೆ ಹೋಗಿ ಅವಳ ಪಕ್ಕದಲ್ಲೇ ಕುಳಿತು ಅವಳು ಬಡಿದ ರೊಟ್ಟಿ ತಿನ್ನುತ್ತಿದ್ದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ರೊಟ್ಟಿ ರುಚಿಯಾಗಿಯೇ ಇತ್ತು.

ಆಗಸ್ಟಿನ ಎರಡನೆಯ ಬುಧವಾರ, ಊಟವಾದ ಮೇಲೆ, ಕಸ್ತೂರಿ ನನ್ನ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಾ ಹೇಳಿದಳು: "ಅಕ್ಕಾ, ನಾಳೆ ಮೇಡಮ್‌ಗ ಹೇಳಿಬಿಡತೇನಿ. ಪಾಳಿಗೀಳಿ ಹೊಲದಾಗ ನಡೀತೈತಿ, ಜೀವದಾಗ ನಡ್ಯಾಂಗಿಲ್ಲ ಅಂತ. ಜಾಗಾ ನಿನಗ ಸಿಗಲಿ. ಖರೆ ಹೇಳ್ಲಿ? ನಿನ್ನ ಜಾಗಾದ ಮ್ಯಾಲ ನಾ ಆಸೆ ಮಾಡಿದ್ದೆ. ಕರಕೊಂಡ ಬಂದಾಕಿದ ತಾಟಿಗೇ ಕೈ ಹಾಕಾಕತ್ತೇನಿ ಅಂತ ನನಗ ಭಾಳ ಕೆಟ್ಟ ಅನಿಸಿತ್ತು. ತಪ್ಪ ತಿಳ್ಕೋಬ್ಯಾಡ."

ಅವಳು ನನ್ನ ಕ್ಷಮೆ ಕೇಳುತ್ತಿದ್ದಳು! ನನಗೆ ಅದನ್ನು ತಡೆಯಲಾಗಲಿಲ್ಲ. "ಔಷಧಿ ಕೆಟ್ಟೈತಿ," ಎಂದುಬಿಟ್ಟೆ. "ಬಾಟ್ಲಿ ಬಿಸಿಲಾಗ ಐತಿ. ಅದಕ್ಕ ಬೆಳಕ ತಾಗಬಾರದು. ನಿನ್ನ ಸರ್ಕ್ಯೂಟ್ ಬರೋಬರಿ ಐತಿ."

ಅವಳ ಮುಖ ಅರಳಿತು. "ಅಯ್ಯ, ಹೌದಾ! ನಾ ಎಂಥಾ ಹುಚ್ಚಿ ನೋಡು," ಎಂದು ಹಣೆ ಬಡಿದುಕೊಂಡಳು. ಆಮೇಲೆ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ನೀ ಯಾವಾಗ ನೋಡಿದಿ?"

ಇವತ್ತು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಆದರೆ ದಿನಾ ಬೆಳಿಗ್ಗೆ ಆ ಕಿಟಕಿಯ ಕಟ್ಟೆ ನೋಡಿ ಲೆಕ್ಕ ಇಟ್ಟಿದ್ದ ನನ್ನ ನಾಲಿಗೆ ತಾನೇ ಆಡಿಬಿಟ್ಟಿತು. "ಹದಿನೆಂಟು ದಿನ ಆತು."

ಕಸ್ತೂರಿ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಅಂಚಿಗೆ ಇಟ್ಟು, ತಿಳಿಸಿದ್ದಕ್ಕೆ ಧನ್ಯವಾದ, ನಾಳೆ ಪ್ರಯೋಗಾಲಯದಲ್ಲಿ ಭೇಟಿಯಾಗೋಣ ಎಂದಳು. ಇಂಗ್ಲಿಷಿನಲ್ಲಿ ಎಂದಳು.

ಹೊಸ ಔಷಧಿ ಹಾಕಿದ ಮೂರನೆಯ ದಿನ ಅವಳ ಬುರುಡೆ ಹಸಿರಾಗಿ ಹೊಳೆಯಿತು. ಹತ್ತು ದಿನವಾದರೂ ಆರಲಿಲ್ಲ. ಸೋಮಾರಿಗಳ ಸುಳಿವೂ ಇಲ್ಲ, ಅವರೆಲ್ಲ ಇನ್ನೂ ನನ್ನ ಬುರುಡೆಯಲ್ಲೇ ಇದ್ದರು. ಬ್ರಿಗಿಟೆಗೆ ಅವಳು ನನ್ನ ವಿಷಯ ಒಂದಕ್ಷರವನ್ನೂ ಹೇಳಲಿಲ್ಲ. ಔಷಧಿಯ ಬಾಟಲಿಯನ್ನು ತಾನೇ ತಪ್ಪಾಗಿ ಇಟ್ಟಿದ್ದೆ ಎಂದು ಸಭೆಯಲ್ಲಿ ಒಪ್ಪಿಕೊಂಡಳು. ಕುಂಬಳಕಾಯಿ ಕಳ್ಳಿಯಂತೆ ನಾನು ಹೆಗಲು ಮುಟ್ಟಿಕೊಳ್ಳುತ್ತಾ ಕುಳಿತಿದ್ದೆ. ಹುದ್ದೆ ಅವಳಿಗೆ ಸಿಕ್ಕಿತು. ಅದೇ ಸರ್ಕ್ಯೂಟನ್ನು ಹೊಳೆಯ ನೀರಿನಲ್ಲಿ ಪರೀಕ್ಷಿಸಲು ಒಬ್ಬ ಸಹಾಯಕಿ ಬೇಕೆಂದು ಅವಳೇ ಕೇಳಿ, ಒಂದು ವರ್ಷಕ್ಕೆ ನನ್ನ ಹೆಸರು ಹಾಕಿಸಿದಳು. ದಯೆಯೋ, ಶಿಕ್ಷೆಯೋ, ಬರಿಯ ಕೆಲಸದ ಅನುಕೂಲವೋ ನಾನು ಕೇಳಿಲ್ಲ. ಕೇಳುವುದಿದ್ದರೆ ಇಂಗ್ಲಿಷಿನಲ್ಲಿ ಕೇಳಬೇಕು.

ಈಗ ಅವಳು ನನ್ನ ಮೇಲಿನವಳು. ಮೆಟ್ಟಿಲಲ್ಲಿ ಎದುರಾದರೆ ಚೆಂದವಾಗಿ ನಗುತ್ತಾಳೆ, ಹೇಬರ್ಲೆಯ ಮುಂದೆ ಜರ್ಮನಿನಲ್ಲಿ ಮಾತನಾಡಿಸುತ್ತಾಳೆ. ಅವಳ ಜರ್ಮನ್ ನನ್ನದಕ್ಕಿಂತ ಚೆನ್ನಾಗಿದೆ, ಥೇಟ್ ಈ ಸೀಮೆಯವರ ಹಾಗೆ. ಕನ್ನಡ ಮಾತ್ರ ಇಲ್ಲ. ಒಮ್ಮೆ ನಾನೇ ಧೈರ್ಯ ಮಾಡಿ, "ಕಸ್ತೂರಿ, ಊರಾಗ ಮಳಿ ಚಲೋ ಆಗೈತಂತ," ಎಂದೆ. ಅವಳು ಫೈಲಿನಿಂದ ಕಣ್ಣೆತ್ತದೆ, ಹೌದಂತೆ, ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದಳು. ರಜೆಗೆ ಊರಿಗೆ ಹೋದಾಗ ಬಸ್ಸಿನಲ್ಲಿ, ಸಂತೆಯಲ್ಲಿ, ಅಪ್ಪನ ಅಂಗಡಿಯಲ್ಲಿ ಬೇಕಾದಷ್ಟು ಕನ್ನಡ ಸಿಕ್ಕಿತು. ಆದರೆ ಅಲ್ಲಿಯವರಿಗೆ ಹೇಬರ್ಲೆ ಯಾರು, ಮೇಜು ತಟ್ಟುವುದೆಂದರೇನು, ಬುರುಡೆ ಹಸಿರಾದರೆ ಮೈ ಯಾಕೆ ಜುಮ್ಮೆನ್ನುತ್ತದೆ ಎಂದು ಹೇಳಹೊರಟರೆ ಎರಡನೆಯ ಮಾತಿಗೇ ಆಕಳಿಕೆ. ಇಲ್ಲಿಯದನ್ನೂ ಅಲ್ಲಿಯದನ್ನೂ ಒಂದೇ ಉಸಿರಿನಲ್ಲಿ ಹೇಳಬಹುದಾದ ಜೀವ ಭೂಮಿಯ ಮೇಲೆ ಒಂದೇ ಇತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಕಸ್ತೂರಿ ಕೆಳಗಿಳಿದು, ನಮ್ಮ ಪ್ರಯೋಗಾಲಯದ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕುಳಿತು ಮಸಗುಪ್ಪಿಗೆ ಫೋನು ಹಚ್ಚುತ್ತಾಳೆ. ಜರ್ಮನರಿಗೆ ಎಂಥ ಚಳಿಯಲ್ಲೂ ಕಿಟಕಿ ತೆರೆದು ಕೋಣೆಗೆ ಗಾಳಿಯಾಡಿಸುವ ಹುಚ್ಚು, ಅದಕ್ಕೆ 'ಲ್ಯುಫ್ಟನ್' ಎನ್ನುತ್ತಾರೆ. ಹಾಗಾಗಿ ನಾನು ಎದ್ದು ಕಿಟಕಿ ತೆರೆದರೆ ಯಾರಿಗೂ ಏನೂ ಅನಿಸುವುದಿಲ್ಲ, ಮೆಚ್ಚಿಕೊಳ್ಳುತ್ತಾರೆ. "ಯವ್ವಾ, ಉಂಡೇನು? ಎಮ್ಮಿ ಈದ್ತೇನ? ಕಾಕಾನ ಕಾಲ ಹೆಂಗೈತಿ? ಇಲ್ಲೆ ಭಾಳ ಥಂಡಿ ಐತಿ ನೋಡಬೇ," ಎಂದು ಕೆಳಗಿನಿಂದ ಕೇಳಿಬರುತ್ತದೆ. ನಾನು ಕೋಟು ಹೊದ್ದು ಕಿಟಕಿಗೆ ಆತು ನಿಲ್ಲುತ್ತೇನೆ. ಅವಳ ಹುದ್ದೆಯ ಮೇಲೆ ನನಗೀಗ ಹೊಟ್ಟೆಕಿಚ್ಚಿಲ್ಲ. ಮಸಗುಪ್ಪಿಯಲ್ಲಿ ಫೋನು ಹಿಡಿದು, ಮಗಳಿಗೆ ಹೂಂ ಹೂಂ ಎನ್ನುತ್ತಿರುವ ಆ ಹೆಣ್ಣುಮಗಳ ಮೇಲಿದೆ.